ವಸ್ತುಸಂಗ್ರಹಾಲಯಗಳನ್ನು ಕುರಿತ ಶಾಲಾಮಕ್ಕಳ ಕಿರುಚಿತ್ರಗಳು: ಒಂದು ವಿಮರ್ಶೆ

ಶಾಲೆಯ ಮಕ್ಕಳು ತಮ್ಮ ಊರಿನ ಅಥವಾ ನೆರೆಯ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿಯ ಸಂಗ್ರಹದಿಂದ ಒಂದೆರಡು ವಸ್ತುಗಳನ್ನು ಆರಿಸಿಕೊಂಡು, ಅವನ್ನು ಕುರಿತು ಕೆಲವೇ ನಿಮಿಷಗಳ ಚಲಚ್ಚಿತ್ರವನ್ನು ತಾವೇ ತೆಗೆಯುವ ಪದ್ಧತಿಯು ಈಚಿನ ಎರಡು ಮೂರು ದಶಕಗಳಲ್ಲಿ ಹಲವು ದೇಶಗಳಲ್ಲಿ ಬೇರೂರಿದೆ. ಹಿಂದೆ ಚಿತ್ರಗ್ರಹಣದ ಯಂತ್ರವೂ ಫಿಲ್ಮಿನ ಸುರುಳಿಯೂ ಶಾಲೆಗಳ ಶಕ್ತಿಗೆ ಮೀರಿದ್ದವು. ಇಂದು ಉಪಾಧ್ಯಾಯರ ಜೇಬಿನಲ್ಲಿರುವ ಮೊಬೈಲ್ ಫೋನೇ ಆ ಕೆಲಸವನ್ನೆಲ್ಲ ಮಾಡಬಲ್ಲುದಾದ್ದರಿಂದ, ನಮ್ಮ ನಾಡಿನ ಶಾಲೆಗಳಲ್ಲಿಯೂ ಇದಕ್ಕೆ ಅಡ್ಡಿಯಾಗುವ ಬಾಹ್ಯ ಕಾರಣ ಹೆಚ್ಚೇನೂ ಉಳಿದಿಲ್ಲ. ಈ ಚಿತ್ರಗಳನ್ನು ಶಿಕ್ಷಣಶಾಸ್ತ್ರಜ್ಞರು ಕಲಿಕೆಯ ಒಂದು ಉಪಾಯವೆಂದು ಪರಿಶೀಲಿಸುತ್ತಾರೆ. ಸಂಗ್ರಹಾಲಯದ ಅಧಿಕಾರಿಗಳು ಜನರನ್ನು ತಮ್ಮತ್ತ ಸೆಳೆಯುವ ಸಾಧನವೆಂದು ಸ್ವಾಗತಿಸುತ್ತಾರೆ. ಅವುಗಳನ್ನು ಕೃತಿಗಳೆಂದೇ ಭಾವಿಸಿ ವಿಮರ್ಶೆಯ ಒರೆಗೆ ಹಚ್ಚುವುದು ಮಾತ್ರ ಬಲು ಅಪರೂಪ. ಮಕ್ಕಳ ಕೆಲಸವೆಂದ ಮೇಲೆ ಬೆನ್ನು ತಟ್ಟಿ ಕಳುಹಿಸುವುದೇ ಉಚಿತವೆಂಬ ಭಾವನೆ ಪ್ರಬಲವಾಗಿದೆ. ಈ ಔದಾರ್ಯದೊಳಗೆ ಒಂದು ಬಗೆಯ ಉಪೇಕ್ಷೆಯೂ ಅಡಗಿದೆಯೆಂದು ನಮಗೆ ತೋರುತ್ತದೆ. ಹನ್ನೆರಡು ವರ್ಷದ ಬಾಲಕಿ ಒಂದು ಶಿಲೆಯನ್ನು ಕುರಿತು ಏನನ್ನಾದರೂ ಹೇಳಿದಾಗ, ಅದು ನಿಜವೇ, ಆಕೆ ಅದನ್ನು ಕಂಡು ಹೇಳಿದಳೇ, ಕೇಳಿ ಹೇಳಿದಳೇ ಎಂದು ವಿಚಾರಿಸುವುದು ಆಕೆಗೆ ನಾವು ಸಲ್ಲಿಸಬಹುದಾದ ಮೊದಲ ಮರ್ಯಾದೆ.

ಪೂರ್ವೇತಿಹಾಸವನ್ನು ಇಲ್ಲಿ ದೀರ್ಘವಾಗಿ ಬರೆಯುವ ಅಗತ್ಯವಿಲ್ಲ. ಬ್ರಿಟನ್ನಿನಲ್ಲಿ 2001ರಲ್ಲಿ ಆರಂಭವಾದ ‘ಫಸ್ಟ್ ಲೈಟ್’ ಎಂಬ ಸಂಸ್ಥೆಯು ಲಾಟರಿ ನಿಧಿಯ ಹಣದಿಂದ ಮಕ್ಕಳೂ ತರುಣರೂ ಕಿರುಚಿತ್ರಗಳನ್ನು ತೆಗೆಯುವುದಕ್ಕೆ ನೆರವಾಯಿತು. 2013ರಲ್ಲಿ ಅದು ‘ಇನ್‌ಟು ಫಿಲ್ಮ್’ ಎಂಬ ಮತ್ತೊಂದು ಸಂಸ್ಥೆಯಲ್ಲಿ ವಿಲೀನವಾಯಿತು. ವಿಚಾರದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು ಫ್ರಾನ್ಸಿನ ಪ್ರಯೋಗ. ಚಲಚ್ಚಿತ್ರಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ಅಲ್ಲಿಯ ಸಿನಿಮಾತೆಕ್ ಸಂಸ್ಥೆಯ ಆಶ್ರಯದಲ್ಲಿ ಶಾಲಾಮಕ್ಕಳಿಗಾಗಿ ಒಂದು ಕಾರ್ಯಕ್ರಮ ಮೊದಲಾಯಿತು. ಅದರ ಹಿಂದಿನ ಚಿಂತಕರಲ್ಲಿ ಪ್ರಮುಖರಾದ ಅಲೇನ್ ಬರ್ಗಲಾ ಅವರು 2002ರಲ್ಲಿ ತಮ್ಮ ವಿಚಾರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಲೆಯನ್ನು ಪಾಠದಂತೆ ಕಲಿಸಲಾಗದು, ಮಗುವಿಗೆ ಅದು ಎದುರಾಗುವಂತೆ ಮಾಡಬಹುದು ಅಷ್ಟೆ ಎಂಬುದು ಅವರ ವಾದದ ತಿರುಳು. ಅಲ್ಲಿಯ ಮಕ್ಕಳು ಮಾಡುವ ಒಂದು ಅಭ್ಯಾಸಕ್ಕೆ ‘ಲೂಮಿಯೇರ್ ನಿಮಿಷ’ವೆಂದು ಹೆಸರು. ಯಂತ್ರವನ್ನು ಒಂದೆಡೆ ಕದಲದಂತೆ ನಿಲ್ಲಿಸಬೇಕು. ಸುಮಾರು ಒಂದು ನಿಮಿಷ ಎಡೆಬಿಡದೆ ಚಿತ್ರಿಸಬೇಕು. ಆಮೇಲೆ ಅದನ್ನು ಕತ್ತರಿಸುವಂತಿಲ್ಲ, ಜೋಡಿಸುವಂತಿಲ್ಲ. 1895ರಲ್ಲಿ ಲೂಮಿಯೇರ್ ಸೋದರರು ಪ್ಯಾರಿಸಿನಲ್ಲಿ ತೋರಿಸಿದ ಚಿತ್ರಗಳೂ ಹೀಗೆಯೇ ಸುಮಾರು ಐವತ್ತು ಸೆಕೆಂಡುಗಳ, ಒಂದೇ ನೋಟದ ಚಿತ್ರಗಳಾಗಿದ್ದವು.

ಈಗ ವಸ್ತುಸಂಗ್ರಹಾಲಯದ ಕಿರುಚಿತ್ರಗಳಿಗೆ ಬರೋಣ. ನಾವು ನೋಡಿರುವ ಮಟ್ಟಿಗೆ ಇವು ಯಾವ ದೇಶದವೇ ಆಗಿರಲಿ, ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತವೆ. ಮೊದಲು ಕಟ್ಟಡದ ಹೊರನೋಟ. ಅನಂತರ ಸಮವಸ್ತ್ರದ ಮಕ್ಕಳ ಸಾಲು. ಬಳಿಕ ವಸ್ತುವಿನ ಮೇಲೆ ಮೂರು ಸೆಕೆಂಡು, ಅದರ ಪಕ್ಕದ ಫಲಕದ ಮೇಲೆ ಐದು ಸೆಕೆಂಡು. ಹಿನ್ನೆಲೆಯಲ್ಲಿ ಎಲ್ಲಿಂದಲೋ ತಂದ ಕೊಳಲಿನ ನಾದ. ಫಲಕದಲ್ಲಿರುವ ವಾಕ್ಯಗಳನ್ನೇ ಒಬ್ಬ ಬಾಲಕ ಪಾಠ ಒಪ್ಪಿಸುವ ಧ್ವನಿಯಲ್ಲಿ ಓದುತ್ತಾನೆ. ಸ್ವಲ್ಪ ಹೆಚ್ಚಿನ ಉತ್ಸಾಹವಿರುವ ಶಾಲೆಗಳಲ್ಲಿ ವಸ್ತುವೇ ಎದ್ದು ‘ನಾನು’ ಎಂದು ಮಾತಾಡುತ್ತದೆ. ಇನ್ನೂ ಹೆಚ್ಚಿನ ಉತ್ಸಾಹವಿದ್ದರೆ ಕಾಗದದ ಕಿರೀಟ, ರಟ್ಟಿನ ಕತ್ತಿ, ಒಂದು ಸಣ್ಣ ಯುದ್ಧ. ಇದರಲ್ಲಿ ಮಕ್ಕಳಿಗೆ ಸಂತೋಷವಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ವಸ್ತು ಎಲ್ಲಿ? ಅದನ್ನು ನೋಡುವಷ್ಟು ಹೊತ್ತು ಅದು ಬೆಳ್ಳಿತೆರೆಯ ಮೇಲೆ ನಿಲ್ಲುವುದೇ ಇಲ್ಲ. ಫಲಕಕ್ಕೆ ದೊರೆತ ಕಾಲವೂ ವಸ್ತುವಿಗೆ ದೊರೆಯದಿದ್ದರೆ, ಆ ಚಿತ್ರವನ್ನು ಸಂಗ್ರಹಾಲಯಕ್ಕೆ ಹೋಗದೆಯೇ ತೆಗೆಯಬಹುದಾಗಿತ್ತು ಎಂದೇ ಹೇಳಬೇಕಾಗುತ್ತದೆ.

ಮಾತು ಸಾಮಾನ್ಯವಾಗಿ ಉಳಿಯಬಾರದೆಂದು ನಮ್ಮ ನಾಡಿನದೇ ಒಂದು ವಸ್ತುವನ್ನು ತೆಗೆದುಕೊಂಡು, ಅದನ್ನು ಕುರಿತು ಮಕ್ಕಳು ಚಿತ್ರ ತೆಗೆದರೆ ಮೇಲಿನ ಅಚ್ಚು ಏನನ್ನು ಉಳಿಸೀತು, ಏನನ್ನು ಕಳೆದೀತು ಎಂದು ಪರೀಕ್ಷಿಸಬಹುದು. 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನವು ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರಿನಿಂದ ಬಂದ ಈ ಶಿಲೆ ಶಕ 872ರದು, ಎಂದರೆ ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಪ್ರತಿಫಲವಾಗಿ ಬನವಾಸಿ ಪನ್ನಿರ್ಚ್ಛಾಸಿರ ಮೊದಲಾದ ನಾಡುಗಳನ್ನು ಪಡೆದದ್ದು ಇದರಿಂದ ತಿಳಿದುಬರುತ್ತದೆ. ಚರಿತ್ರಕಾರರಿಗೆ ಈ ಶಿಲೆಯ ಬೆಲೆ ಇರುವುದು ಇಲ್ಲಿ. ಆದರೆ ಶಿಲೆ ನೆಟ್ಟದ್ದು ಇದಕ್ಕಾಗಿ ಅಲ್ಲ. ಬೂತುಗನ ಆಳಾದ ಮಣಲೆರನೆಂಬುವನು ಆ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಒಡೆಯನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದನು. ಮಣಲೆರನು ಕೇಳಿದ್ದು ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನವೇ ವಿಧಿಸುತ್ತದೆ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಸಂಗತಿಯೊಂದುಂಟು. ಶಿಲೆಯ ಮೇಲೆ ಕೆತ್ತಿರುವ ಚಿತ್ರ ರಾಜರದಲ್ಲ, ತಕ್ಕೋಲದ್ದಲ್ಲ. ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರ. ರಾಜರು ಅಕ್ಷರಗಳಲ್ಲಿದ್ದಾರೆ, ನಾಯಿ ರೂಪದಲ್ಲಿದೆ. ಹತ್ತನೆಯ ಶತಮಾನದ ಲಿಪಿಯನ್ನು ಓದಲಾರದ ಮಗು ಅಲ್ಲಿ ನಿಂತಾಗ ಮೊದಲು ಕಾಣುವುದು ನಾಯಿಯನ್ನು. ಲಿಪಿಯನ್ನು ಬಲ್ಲ ಪಂಡಿತನು ಮೊದಲು ಹುಡುಕುವುದು ಬೂತುಗನನ್ನು. ಶಿಲ್ಪಿಯ ಉದ್ದೇಶಕ್ಕೆ ಇಬ್ಬರಲ್ಲಿ ಹತ್ತಿರವಾದವರು ಯಾರು? ಮಕ್ಕಳ ಕಣ್ಣಿಗೆ ಯಂತ್ರವನ್ನು ಕೊಟ್ಟರೆ ದೊರೆಯಬಹುದಾದ ಲಾಭ ಇದು. ಆದರೆ ಉಪಾಧ್ಯಾಯರು ಮೊದಲೇ ಬರೆದುಕೊಟ್ಟ ಚಿತ್ರಕಥೆ ‘ರಾಷ್ಟ್ರಕೂಟರ ಇತಿಹಾಸದಲ್ಲಿ’ ಎಂದು ಆರಂಭವಾದರೆ ಈ ಲಾಭ ಕೈತಪ್ಪಿಹೋಗುತ್ತದೆ. ನಾಯಿಯ ಪಾಲಿಗೆ ಕಡೆಯ ಹತ್ತು ಸೆಕೆಂಡು ಉಳಿದೀತು, ಅದೂ ತಮಾಷೆಗೆಂದು.

ಇನ್ನು ಕಾಗದದ ಕಿರೀಟದ ವಿಚಾರ. ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವ ಮಾತನ್ನು ಈ ಶಾಸನವನ್ನು ಸಂಪಾದಿಸಿದ ಫ್ಲೀಟ್ ಅವರು ಮೊದಲು ಓದಿದಾಗ, ಕಪಟದಿಂದ ಇರಿದು ಕೊಂದನೆಂಬ ಅರ್ಥ ಹೊರಟಿತ್ತು. ಆಮೇಲಿನ ಓದಿನಲ್ಲಿ ಕಪಟ ಹೋಗಿ, ಆನೆಯ ಮೇಲಣ ಅಂಬಾರಿಯೇ ರಣರಂಗವಾಯಿತೆಂಬ ಅರ್ಥ ಬಂದಿತು. ಒಂದು ಶಬ್ದದ ಓದು ಬದಲಾದುದರಿಂದ ಒಬ್ಬ ಮನುಷ್ಯ ಸಾವಿರ ವರ್ಷಗಳ ಮೇಲೆ ದ್ರೋಹಿಯ ಪಟ್ಟದಿಂದ ಪಾರಾದನು! ರಟ್ಟಿನ ಕತ್ತಿ ಹಿಡಿದ ಬಾಲಕ ಈ ಎರಡರಲ್ಲಿ ಯಾವುದನ್ನು ಅಭಿನಯಿಸಬೇಕು? ಅಭಿನಯಕ್ಕೆ ಸಂದೇಹವೆಂಬುದು ಸಾಧ್ಯವಿಲ್ಲ. ಕತ್ತಿ ಎದುರಿನಿಂದ ಬರಬೇಕು ಇಲ್ಲವೆ ಹಿಂದಿನಿಂದ ಬರಬೇಕು. ಆದಕಾರಣ ಪುನರಭಿನಯವು ಮಕ್ಕಳಿಗೆ ಎಷ್ಟೇ ಪ್ರಿಯವಾದರೂ, ಓದು ಇನ್ನೂ ತಿದ್ದುಪಡಿಗೆ ಒಳಗಾಗಬಹುದಾದ ಶಾಸನದಂಥ ವಸ್ತುವಿಗೆ ಅದು ಹೊಂದುವುದಿಲ್ಲವೆಂದು ನಮ್ಮ ಅಭಿಪ್ರಾಯ. ಒಬ್ಬ ಹುಡುಗ ಒಂದು ರೀತಿ, ಇನ್ನೊಬ್ಬ ಹುಡುಗ ಇನ್ನೊಂದು ರೀತಿ ಅಭಿನಯಿಸಿ, ಎರಡನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸಿದರೆ ಮಾತು ಬೇರೆ.

ವಸ್ತುವೇ ‘ನಾನು’ ಎಂದು ಮಾತನಾಡುವ ರೀತಿಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಏಕೆಂದರೆ ಅದರಲ್ಲಿ ಕವಿತ್ವಕ್ಕೆ ಅವಕಾಶವಿದೆ. ದೋಷವಿರುವುದು ವಸ್ತುವಿನ ಬಾಯಲ್ಲಿ ಇಡುವ ಮಾತಿನಲ್ಲಿ. ‘ನಾನು ಕ್ರಿಸ್ತಶಕ 949ರಲ್ಲಿ ಹುಟ್ಟಿದೆ’ ಎಂದು ಆತಕೂರಿನ ಶಿಲೆ ಹೇಳಿದರೆ ನಗು ಬರುತ್ತದೆ; ಆ ಶಿಲೆ ಬಲ್ಲದ್ದು ಶಕವರ್ಷವನ್ನು ಮಾತ್ರ. ಇದಕ್ಕೆ ಎದುರಾಗಿ ಮಾಟಿ ಡಿಯೋಪ್ ಅವರ ‘ದಹೋಮೆ’ ಎಂಬ ಚಿತ್ರವನ್ನು ನೆನೆಯಬಹುದು. 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಪರಮ ಪ್ರಶಸ್ತಿಯನ್ನು ಪಡೆದ ಈ ಚಿತ್ರವು, ಪ್ಯಾರಿಸಿನ ಸಂಗ್ರಹಾಲಯದಿಂದ 2021ರಲ್ಲಿ ಬೆನಿನ್ ದೇಶಕ್ಕೆ ಹಿಂತಿರುಗಿದ 26 ರಾಜವಸ್ತುಗಳನ್ನು ಕುರಿತದ್ದು. ಅವುಗಳಲ್ಲಿ ಗೇಜೊ ಎಂಬ ದೊರೆಯ ಪ್ರತಿಮೆಯು ಫಾನ್ ಭಾಷೆಯಲ್ಲಿ ತಾನೇ ಮಾತಾಡುತ್ತದೆ. ಆದರೆ ಅದು ತನ್ನ ಇತಿಹಾಸವನ್ನು ಒಪ್ಪಿಸುವುದಿಲ್ಲ. ಕತ್ತಲೆಯನ್ನು ಕುರಿತು, ತನಗೆ ಬಿದ್ದ ಸಂಖ್ಯೆಯನ್ನು ಕುರಿತು, ಮರಳಿ ಕಾಣಲಿರುವ ನಾಡು ತನ್ನನ್ನು ಗುರುತಿಸೀತೋ ಇಲ್ಲವೋ ಎಂಬ ಅಳುಕನ್ನು ಕುರಿತು ಹೇಳುತ್ತದೆ. ಫಲಕವು ಹೇಳಲಾರದ್ದನ್ನು ಹೇಳುವುದರಿಂದಲೇ ಆ ‘ನಾನು’ ಸಾರ್ಥಕವಾಗಿದೆ. ಅದೇ ಚಿತ್ರದಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಆ ವಸ್ತುಗಳ ವಿಷಯವಾಗಿ ಪರಸ್ಪರ ಖಂಡಿಸುತ್ತ ವಾದಿಸುವ ದೀರ್ಘ ಭಾಗವೊಂದಿದೆ. ಅಲ್ಲಿ ಒಮ್ಮತ ಮೂಡುವುದಿಲ್ಲ, ಮೂಡಬೇಕೆಂಬ ಹಟವೂ ಚಿತ್ರಕ್ಕಿಲ್ಲ. ನಮ್ಮ ಕಾಲೇಜು ವಿದ್ಯಾರ್ಥಿಗಳು ನೋಡಲೇಬೇಕಾದ ಭಾಗವಿದು.

ಈಗ ನಮ್ಮ ಮುಖ್ಯ ಆಕ್ಷೇಪಣೆಗೆ ಬರುತ್ತೇವೆ. ಅದು ಭಾಷೆಗೆ ಸಂಬಂಧಿಸಿದ್ದು. ಆತಕೂರಿನ ಕತೆಯನ್ನು ಕೇಳಿದ ಹುಡುಗ ಮನೆಗೆ ಹೋಗಿ ತಂಗಿಗೆ ಹೇಳುವುದು ಹೇಗೆ? ‘ಆ ನಾಯಿ ಹಂದೀನ ಕೊಂದು ತಾನೂ ಸತ್ತುಹೋಯಿತಂತೆ’ ಎಂದು. ತಾನು ಕಂಡದ್ದನ್ನು ಹೇಳುವಾಗ ಅದೇ ಹುಡುಗ ‘ನಾಯಿ ಹಂದೀನ ಕಚ್ಚಿಕೊಂಡಿದೆ’ ಎನ್ನುತ್ತಾನೆ. ಅಲ್ಲಿ ‘ಅಂತೆ’ ಇರುವುದಿಲ್ಲ. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವನ್ನು ಕನ್ನಡವು ಎರಡಕ್ಷರಗಳ ಒಂದು ಪ್ರತ್ಯಯದಲ್ಲಿ ಕಾಪಾಡಿಕೊಂಡು ಬಂದಿದೆ, ಅದನ್ನು ಯಾವ ಮಗುವಿಗೂ ಯಾರೂ ಕಲಿಸಬೇಕಾಗಿಲ್ಲ. ಆದರೆ ಚಿತ್ರಕ್ಕಾಗಿ ಮಾತುಗಳನ್ನು ಬರೆಯಿಸುವಾಗ ಉಪಾಧ್ಯಾಯರ ಕೆಂಪು ಲೇಖನಿ ಮೊದಲು ಹೊಡೆದುಹಾಕುವುದು ಈ ‘ಅಂತೆ’ಯನ್ನೇ. ಅದು ಆಡುಮಾತು, ಗ್ರಂಥಕ್ಕೆ ಸಲ್ಲದು ಎಂಬುದು ಕಾರಣ. ‘ಸತ್ತುಹೋಯಿತಂತೆ’ ಎಂಬುದು ‘ಮರಣ ಹೊಂದಿತು’ ಎಂದಾಗುತ್ತದೆ. ತಿದ್ದುಪಡಿ ವ್ಯಾಕರಣದ್ದಾಗಿ ಕಂಡರೂ, ಹುಡುಗನು ತಾನು ಸಾಕ್ಷಿಯಲ್ಲದ ಘಟನೆಗೆ ಸಾಕ್ಷಿಯಾಗಿ ನಿಲ್ಲುವಂತಾಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಮೊದಲು ಬೇಕಾದ ವಿವೇಕವನ್ನು ಅವನು ಮನೆಯಿಂದಲೇ ತಂದಿದ್ದನು. ಶಾಲೆ ಅದನ್ನು ಬಾಗಿಲಲ್ಲೇ ಬಿಡಿಸಿತು.

ಚಲಚ್ಚಿತ್ರ ಮಾಧ್ಯಮದ ರಚನೆಯಲ್ಲಿಯೇ ಈ ಅಂತರಕ್ಕೆ ಜಾಗವಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಚಿತ್ರದಲ್ಲಿ ಬಿಂಬದ ಹಾದಿಯೊಂದು, ಧ್ವನಿಯ ಹಾದಿಯೊಂದು. ಕಂಡದ್ದನ್ನು ಬಿಂಬ ಹೊರಬಲ್ಲುದು, ಕೇಳಿದ್ದನ್ನು ಧ್ವನಿ ಹೊರಬಲ್ಲುದು; ಎರಡೂ ಒಂದೇ ಮಾತನ್ನು ಹೇಳಬೇಕೆಂಬ ನಿಯಮವಿಲ್ಲ. ಲೂಮಿಯೇರ್ ನಿಮಿಷದ ಕಟ್ಟುಪಾಡನ್ನು ಶಿಲೆಯ ಮುಂದೆ ಪ್ರಯೋಗಿಸಿದರೆ ಏನಾದೀತೆಂದು ಕಲ್ಪಿಸಿಕೊಳ್ಳೋಣ. ಕದಲದ ಕಲ್ಲು, ಕದಲದ ಯಂತ್ರ, ಅರವತ್ತು ಸೆಕೆಂಡು. ಮೊದಲ ಹತ್ತು ಸೆಕೆಂಡುಗಳಲ್ಲಿ ನೋಡುವವನಿಗೆ ಬೇಸರ. ಇಪ್ಪತ್ತನೆಯದರಲ್ಲಿ ಕಣ್ಣು ತಾನಾಗಿ ನಾಯಿಯಿಂದ ಹಂದಿಗೆ, ಅಲ್ಲಿಂದ ಅಕ್ಷರದ ಸಾಲುಗಳಿಗೆ ನಡೆಯುತ್ತದೆ. ಬಿಂಬದ ಅಂಚಿನಲ್ಲಿ ಯಾರೋ ಸಂದರ್ಶಕರು ಬಂದು, ಫಲಕವನ್ನು ಓದಿ, ಶಿಲೆಯನ್ನು ನೋಡದೆ ಹೊರಟುಹೋಗುತ್ತಾರೆ. ಯಾವ ಚಿತ್ರಕಥೆಯೂ ಇದಕ್ಕಿಂತ ಚೆನ್ನಾಗಿ ವಸ್ತುಸಂಗ್ರಹಾಲಯವನ್ನು ವರ್ಣಿಸಲಾರದು. ಇದರ ಮೇಲೆ ಮಗುವಿನ ಧ್ವನಿ, ಅದರದೇ ಆಡುಮಾತಿನಲ್ಲಿ, ‘ಅಂತೆ’ಯನ್ನು ಉಳಿಸಿಕೊಂಡು, ತಾನು ಯಾರಿಂದ ಏನನ್ನು ಕೇಳಿದೆನೆಂಬುದನ್ನು ಹೇಳಲಿ. ಕೊಳಲಿನ ನಾದಕ್ಕೆ ಅಲ್ಲಿ ಕೆಲಸವಿರುವುದಿಲ್ಲ.

ಕೆಲವು ವಸ್ತುಗಳಿಗೆ ಈ ನಿಶ್ಚಲತೆ ಹೊಂದದು ಎಂಬ ಆಕ್ಷೇಪ ನ್ಯಾಯವಾದುದು. ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಂಥ ಸಂಗ್ರಹದಲ್ಲಿ ಬೀಸುವ ಕಲ್ಲನ್ನೋ, ಬಳ್ಳ ಕೊಳಗಗಳನ್ನೋ ಹೀಗೆ ಒಂದು ನಿಮಿಷ ದಿಟ್ಟಿಸಿದರೆ ಅವು ಇನ್ನಷ್ಟು ಮೌನವಾಗುತ್ತವೆ. ಬೀಸುವ ಕಲ್ಲೆಂದರೆ ಒಂದು ಚಲನೆ, ಒಂದು ಸದ್ದು, ಬೀಸುವವರು ಕಾಲು ಚಾಚಿ ಕೂತ ಒಂದು ಭಂಗಿ. ಎದುರುಬದುರು ಕುಳಿತ ಇಬ್ಬರು ಹೆಂಗಸರು ಒಂದೇ ಗೂಟವನ್ನು ಹಿಡಿದು ತಿರುಗಿಸುವಾಗ ಬಲವನ್ನು ಹಂಚಿಕೊಳ್ಳುವ ರೀತಿ. ಸಂಗ್ರಹಾಲಯದಲ್ಲಿ ಇದಾವುದೂ ಇರುವುದಿಲ್ಲ, ‘ಮುಟ್ಟಬೇಡಿ’ ಎಂಬ ಅಪ್ಪಣೆ ಇರುತ್ತದೆ. ಅಪ್ಪಣೆಯೂ ತಪ್ಪಲ್ಲ. ಇಂಥಲ್ಲಿ ಮಕ್ಕಳು ಯಂತ್ರವನ್ನು ಸಂಗ್ರಹಾಲಯದ ಹೊರಗೆ ಒಯ್ಯಬೇಕು: ಅಜ್ಜಿಯ ಮನೆಯ ಮೂಲೆಯಲ್ಲಿ ಅದೇ ಬಗೆಯ ಕಲ್ಲಿದ್ದರೆ ಅದನ್ನು ಆಕೆಯಿಂದಲೇ ತಿರುಗಿಸಿ, ಕೈಗಳನ್ನು ಮಾತ್ರ ಚಿತ್ರಿಸಿ, ರಾಗಿ ಬೀಳುವ ಸದ್ದನ್ನು ಹಿಡಿದುಕೊಂಡು ಬಂದು, ಸಂಗ್ರಹಾಲಯದ ಕಲ್ಲಿನ ಬಿಂಬದ ಮೇಲೆ ಆ ಸದ್ದನ್ನು ಕೂಡಿಸಬಹುದು. ವಸ್ತು ಇಲ್ಲಿ, ಅದರ ಜೀವ ಅಲ್ಲಿ. ಎರಡರ ನಡುವಣ ದೂರವನ್ನು ಮುಚ್ಚಿಡದೆ ತೋರಿಸುವುದು ಚಲಚ್ಚಿತ್ರಕ್ಕೆ ಮಾತ್ರ ಸಾಧ್ಯವಾದ ಕೆಲಸ. ಅಲೇನ್ ರೆನೆ, ಕ್ರಿಸ್ ಮಾರ್ಕರ್ ಮೊದಲಾದವರು 1953ರಲ್ಲಿ ಆಫ್ರಿಕದ ಪ್ರತಿಮೆಗಳನ್ನು ಕುರಿತು ತೆಗೆದ ಚಿತ್ರದ ಸಾಮರ್ಥ್ಯವೂ ಇದೇ ಆಗಿತ್ತು. ಪೂಜೆಯಿಂದ, ಕುಣಿತದಿಂದ ಕಿತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟಾಗ ಪ್ರತಿಮೆಗೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆ. ಆ ಪ್ರಶ್ನೆ ವಸಾಹತು ಆಡಳಿತದ ಮೇಲೆ ತಿರುಗಿದ್ದರಿಂದ ಫ್ರೆಂಚ್ ಸರ್ಕಾರ ಅದರ ಪೂರ್ಣ ಪ್ರದರ್ಶನವನ್ನು ಬಹು ವರ್ಷಗಳ ಕಾಲ ತಡೆಹಿಡಿಯಿತು.

ಬರ್ಗಲಾ ಅವರೊಡನೆ ನಮಗಿರುವ ಒಂದು ಭಿನ್ನಾಭಿಪ್ರಾಯವನ್ನು ಇಲ್ಲಿ ತಿಳಿಸಬೇಕು. ಶಾಲೆಯಲ್ಲಿ ಸಿದ್ಧವಾದ ಚಿತ್ರಕ್ಕಿಂತ ಅದನ್ನು ಮಾಡುವಾಗಿನ ಅನುಭವವೇ ಮುಖ್ಯವೆಂಬುದು ಅವರ ನಿಲುವು. ಕಲ್ಪಿತ ಕಥೆಯ ಚಿತ್ರಗಳಿಗೆ ಇದು ಒಪ್ಪುವ ಮಾತು. ಆದರೆ ಸಂಗ್ರಹಾಲಯದ ವಸ್ತು ಸಾರ್ವಜನಿಕವಾದುದು. ಅದನ್ನು ಕುರಿತು ತೆಗೆದ ಚಿತ್ರವನ್ನು ತಂದೆತಾಯಿಗಳು, ಊರವರು, ಮುಂದಿನ ವರ್ಷದ ಮಕ್ಕಳು ನೋಡುತ್ತಾರೆ, ನಂಬುತ್ತಾರೆ. ಬೂತುಗನು ಕಪಟಿಯೆಂದು ಅದು ಸಾರಿದರೆ, ಸಾರಿದವರು ಮಕ್ಕಳೆಂಬ ಕಾರಣದಿಂದ ಮಾತಿನ ಹೊಣೆ ಇಲ್ಲವಾಗುವುದಿಲ್ಲ. ಆದ್ದರಿಂದ ಸಿದ್ಧಕೃತಿಯನ್ನೂ ಅಳೆಯಲೇಬೇಕು. ಅಳತೆಗೋಲು ಮಾತ್ರ ಬದಲಾಗಬೇಕು. ಶಾಲಾ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಿಂಬದ ಸ್ವಚ್ಛತೆ, ಸಂಗೀತ, ಉಚ್ಚಾರಣೆ ಇವಕ್ಕೆ ಅಂಕಗಳನ್ನು ಕೊಡುವುದುಂಟು. ಇದರ ಫಲವಾಗಿ ಚಿತ್ರವನ್ನು ಕತ್ತರಿಸಿ ಜೋಡಿಸುವ ಕೆಲಸ ಮಕ್ಕಳ ಕೈಬಿಟ್ಟು, ಪೇಟೆಯಲ್ಲಿ ಮದುವೆಯ ವಿಡಿಯೋ ಮಾಡುವವರ ಅಂಗಡಿಗೆ ಹೋಗುತ್ತದೆ. (ಅವರ ಕೈಚಳಕದ ಬಗೆಗೆ ನಮಗೆ ಅಗೌರವವಿಲ್ಲ, ವೀರಗಲ್ಲಿನ ಸುತ್ತ ಗುಲಾಬಿ ದಳಗಳು ಉದುರುವುದನ್ನು ಮಾತ್ರ ಸಹಿಸುವುದು ಕಷ್ಟ.) ಇವುಗಳ ಬದಲಿಗೆ ತೀರ್ಪುಗಾರರು ಕೇಳಬಹುದಾದುದು ಇಷ್ಟೆ: ವಸ್ತುವಿನಲ್ಲಿ ಫಲಕ ಹೇಳದಿರುವ ಯಾವುದನ್ನಾದರೂ ಈ ಚಿತ್ರ ತೋರಿಸಿದೆಯೇ? ಹೇಳಿದ ಮಾತಿಗೆ ಆಧಾರ ಯಾರೆಂಬುದು ಚಿತ್ರದಿಂದಲೇ ತಿಳಿಯುತ್ತದೆಯೇ?

ಮಕ್ಕಳಿಗೆ ಮೊದಲು ನಿಶ್ಚಿತ ಜ್ಞಾನ ಬೇಕು, ಸಂದೇಹ ಆಮೇಲೆ ಬರಲಿ ಎಂದು ಹಿರಿಯ ಅಧ್ಯಾಪಕರು ಹೇಳುವುದನ್ನು ಕೇಳಿದ್ದೇವೆ. ನಿಶ್ಚಿತವಾದುದನ್ನು ನಿಶ್ಚಿತವೆಂದೇ ಹೇಳಲಿ. ಶಕ 872 ಎಂಬುದು ಕಲ್ಲಿನ ಮೇಲೆಯೇ ಇದೆ. ನಮ್ಮ ವಾದ ಸಂದೇಹವನ್ನು ಬಿತ್ತಬೇಕೆಂಬುದಲ್ಲ, ಮಗುವಿನಲ್ಲಿ ಆಗಲೇ ಇರುವ ವಿವೇಚನೆಯನ್ನು ಅಳಿಸಬಾರದೆಂಬುದು.

ಮದ್ದೂರಿನ ಕಡೆಯ ಯಾವುದಾದರೂ ಶಾಲೆಯವರು ಈ ಕೆಲಸಕ್ಕೆ ಕೈಹಾಕುವುದಾದರೆ ಅವರಿಗೆ ಬೆಂಗಳೂರಿನ ಮಕ್ಕಳಿಗಿಲ್ಲದ ಒಂದು ಅನುಕೂಲವಿದೆ. ಶಿಲೆ ಅವರ ಸೀಮೆಯದು, ಆದರೆ ಅಲ್ಲಿಲ್ಲ. ಚಿತ್ರದ ಮೊದಲ ನಿಮಿಷವನ್ನು ಆತಗೂರಿನಲ್ಲಿಯೇ ತೆಗೆಯಬಹುದು: ಈ ಕಲ್ಲಿನ ಸಂಗತಿಯನ್ನು ಊರಿನಲ್ಲಿ ಯಾರು ಬಲ್ಲರು, ಏನೆಂದು ಬಲ್ಲರು ಎಂದು ಕೇಳುತ್ತ ಹೋಗಬಹುದು, ಬರುವ ಉತ್ತರಗಳಲ್ಲಿ ‘ಅಂತೆ’ ಧಾರಾಳವಾಗಿ ಇರುತ್ತದೆ. ಎರಡನೆಯ ನಿಮಿಷ ಸಂಗ್ರಹಾಲಯದ ಶಿಲೆಯ ಮುಂದೆ. ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಮಾತನ್ನು ಓದಿಸಿಕೊಂಡ ಮೇಲೆ, ಈಗ ಈ ಕಲ್ಲಿಗೆ ಪೂಜೆ ಮಾಡುವವರು ಯಾರು, ಪಾಪ ಯಾರಿಗೆ ಎಂದು ಯಾವನಾದರೂ ಹುಡುಗ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಯನ್ನು ಉಪಾಧ್ಯಾಯರು ಕತ್ತರಿಸದೆ ಚಿತ್ರದಲ್ಲಿ ಉಳಿಸಲಿ, ಉತ್ತರವನ್ನು ಬರೆದುಕೊಡದಿರಲಿ. ಜಿಲ್ಲಾ ಸ್ಪರ್ಧೆಗೆ ಕಳುಹಿಸುವ ಮೊದಲು ಚಿತ್ರವನ್ನು ಒಂದು ಸಂಜೆ ಆತಗೂರಿನವರಿಗೆ ತೋರಿಸಲಿ.